ಸಹಾಯ ಬೇಕು: ಮೆಂತ್ಯ ಹಾಕಿ ಮಾಡಿದ ಕಾಗದದ ಬುಟ್ಟಿ ಸೀಳುತ್ತಿದೆ

ಎಲ್ಲರಿಗೂ ನಮಸ್ಕಾರ. ನಾವು ಕೋಲಾರದವರು. ಹಳೆಯ ಕಾಗದ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ ಬುಟ್ಟಿ ಮಾಡುತ್ತಿದ್ದರಲ್ಲ, ಅದನ್ನು ಬಲ್ಲ ಹಿರಿಯರು ಇಲ್ಲಿದ್ದರೆ ದಯವಿಟ್ಟು ಹೇಳಿಕೊಡಿ. ನಮ್ಮಜ್ಜಿ ಬಿದಿರಿನ ಮೊರಕ್ಕೂ ಇದನ್ನೇ ಬಳಿಯುತ್ತಿದ್ದರು. ರಾಗಿ ಹಿಟ್ಟು ಸಂದಿಯಲ್ಲಿ ಚಿಟಿಕೆಯಷ್ಟೂ ಸೋರುತ್ತಿರಲಿಲ್ಲ. ಆಗ ಕೇಳಿಟ್ಟುಕೊಳ್ಳಲು ನನಗೆ ಬುದ್ಧಿ ಇರಲಿಲ್ಲ.

ಮೂರನೇ ತರಗತಿಯ ಮಗಳಿಗೆ ಕಡಲೆಕಾಯಿ ಹಾಕಿಡಲು ತಾನೇ ಮಾಡಿದ ಬುಟ್ಟಿ ಬೇಕಂತೆ. ಮೂರು ದಿನ ನೆನೆದ ಪತ್ರಿಕೆಗಳನ್ನು ಎರಡು ಹಿಡಿ ನೆನೆಸಿದ ಮೆಂತ್ಯದ ಜೊತೆ ಮಿಕ್ಸಿಗೆ ಹಾಕಿದೆ. ಮಿಕ್ಸಿ ಎರಡು ಸಲ ಬಿಸಿಯಾಗಿ ನಿಂತಿತು, ಮರುದಿನದ ಚಟ್ನಿಯೂ ಕಹಿಯಾಯಿತು. ಬೋಗುಣಿಯನ್ನು ಬೋರಲು ಹಾಕಿ, ಹಳೆಯ ಪಂಚೆಯ ತುಂಡು ಹೊದಿಸಿ, ಬೆರಳು ದಪ್ಪಕ್ಕೆ ಮೆತ್ತಿದೆವು. ಎರಡನೇ ದಿನ ಹೊರಗಿನ ಪದರ ಒಣಗಿ, ಅಂಚಿನಿಂದ ಬುಡದವರೆಗೆ ಸೀಳಿತು. ಸೀಳಿನೊಳಗೆ ಬೆರಳಿಟ್ಟರೆ ಇನ್ನೂ ಜಿಗುಟು, ಜೊತೆಗೆ ಬೂದು ಬಣ್ಣದ ಬೂಷ್ಟು. ಅಂತರಗಂಗೆ ಬೆಟ್ಟದ ಮೇಲೆ ವಾರವಿಡೀ ಮೋಡ ಕೂತಿತ್ತು, ಅದೂ ಕಾರಣವಿರಬಹುದು.

ಒಂದು ಸೇರು ಕಾಗದದ ಮುದ್ದೆಗೆ ಮೆಂತ್ಯ ಎಷ್ಟು ಹಾಕಬೇಕು? ತೆಳುವಾಗಿ ಎರಡು ಮೂರು ಸಲ ಬಳಿಯಬೇಕೇ? ಒಣಗಿಸುವುದು ನೆರಳಿನಲ್ಲೋ ಬಿಸಿಲಿನಲ್ಲೋ? ಅರಿಶಿನ ಸೇರಿಸಿದರೆ ಹುಳು ಹತ್ತುವುದಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು, ಮಾಡಿ ನೋಡಿದವರು ಇದ್ದೀರಾ?

ಪ್ಲಾಸ್ಟಿಕ್ ಬುಟ್ಟಿ ಕೊಂಡುಬಿಡು ಎಂಬ ಸಲಹೆ ನಮ್ಮ ಯಜಮಾನರಿಂದ ಈಗಾಗಲೇ ಬಂದಿದೆ. ಅದೊಂದು ಬೇಡ. ಇನ್ನೊಂದು ಬಕೆಟ್ ಕಾಗದ ನೆನೆಹಾಕಿಯಾಗಿದೆ, ಭಾನುವಾರ ರುಬ್ಬಬೇಕು.