ಕಾಲುವೆ ಕೊನೆ ಭಾಗದಲ್ಲಿ ಇನ್ನೂ 8 ಎಕರೆ ಲೀಜ್‌ಗೆ ಹಿಡಿಯಬಹುದಾ?

ಮಾನ್ವಿ ಕಡೆಯವಳು:
ಎಲ್ಲರಿಗೂ ನಮಸ್ಕಾರ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಸ್ವಂತ 4 ಎಕರೆ ಇದೆ. ಪಕ್ಕದ ಹೊಲದವರು ತಮ್ಮ 8 ಎಕರೆ ಲೀಜ್‌ಗೆ ಕೊಡುತ್ತೇವೆ ಅನ್ನುತ್ತಿದ್ದಾರೆ, ಎಕರೆಗೆ 12 ಚೀಲ ಭತ್ತ. ನಾಟಿ, ಗೊಬ್ಬರ, ಹುಳಕ್ಕೆ ಹೊಡೆಯುವ ಎಣ್ಣೆ ಎಲ್ಲ ಸೇರಿ ಎಕರೆಗೆ 35 ಸಾವಿರ ಖರ್ಚು. 8 ಎಕರೆಗೆ 2 ಲಕ್ಷ 80 ಸಾವಿರ. ಅರ್ಧ ಗೊಬ್ಬರದಂಗಡಿ ಉದ್ರಿ, ಅರ್ಧ ನಮ್ಮ ಮಹಿಳಾ ಸಂಘದ ಸಾಲ.

ನಮ್ಮ ಮನೆಯವರಿಗೆ ಧೈರ್ಯ ಜಾಸ್ತಿ. "2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟೇ ಕೊಚ್ಚಿ ಹೋಯಿತು. ಆದರೂ ಬೆಳೆ ಬಂತಲ್ಲ" ಅನ್ನುತ್ತಾರೆ. ನನಗೆ ಮಾತ್ರ ಆ ವಾರವೆಲ್ಲ ನಿದ್ದೆ ಬಂದಿರಲಿಲ್ಲ. ಮಗಳ ನರ್ಸಿಂಗ್ ಫೀಸ್ ಬೇರೆ ಇದೆ. ಏನು ಮಾಡಲಿ?

ಸಿಂಧನೂರಿನ ರೈತ:
ಹಿಡಿಯಿರಿ ಅಕ್ಕಾ. ಸೋನಾ ಮಸೂರಿ ಬದಲು ಆರ್‌ಎನ್‌ಆರ್ 15048 ಅನ್ನೋ ಭತ್ತದ ತಳಿ ಹಾಕಿ. ಸುಮಾರು 125 ದಿನಕ್ಕೆ ಬರುತ್ತದೆ, 20 ದಿನದ ನೀರು ಉಳಿಯುತ್ತದೆ. ಫಸಲ್ ಬಿಮಾ (ಬೆಳೆ ವಿಮೆ) ಕಟ್ಟಿ, ಮುಂಗಾರಿಗೆ ರೈತರು ಕಟ್ಟುವುದು ವಿಮೆ ಮೊತ್ತದ 2% ಅಷ್ಟೇ.

ಸಿರವಾರದ ಹಿರಿಯ:
ತಂಗಿ, ನಾನು ಬೇಡ ಅನ್ನುವವನು. ಗೇಟ್ ಹೋದಾಗ ನಾವು ಉಳಿದದ್ದು ಅದು ಆಗಸ್ಟ್ ಆಗಿದ್ದಕ್ಕೆ. ಆರೇಳು ದಿನದಲ್ಲಿ ಸ್ಟಾಪ್ ಲಾಗ್ (ತಾತ್ಕಾಲಿಕ ಗೇಟ್) ಕೂರಿಸಿದರು, ಆಮೇಲೆ ಮಳೆ ಬಂದು ಡ್ಯಾಮ್ ಮತ್ತೆ ತುಂಬಿತು. ಅದೇ ಅಕ್ಟೋಬರ್ ಕೊನೆಗೆ ಆಗಿದ್ದರೆ? ನಮ್ಮಲ್ಲಿ ಭತ್ತ ಹೊಡೆ ತುಂಬುವ ಹೊತ್ತು, ಮೇಲೆ ಮಳೆ ಇಲ್ಲ. ಒಮ್ಮೆ ಪಾರಾದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನೊಂದು ಮಾತು, ಇದನ್ನು ನಾನು 2023ರ ಬರದಲ್ಲಿ ಕಲಿತೆ. ನೀರು ಕೈಕೊಟ್ಟರೆ ಭಾವನ ಹತ್ತಿರ ತರೋಣ, ಅಂಗಡಿಯವನು ತಡೆದುಕೊಳ್ಳುತ್ತಾನೆ ಅಂದುಕೊಂಡಿದ್ದೆ. ಭಾವನದೂ ಇದೇ ಕಾಲುವೆ. ಅವನ ಹೊಲವೂ ಒಣಗಿತ್ತು. ಅಂಗಡಿಯವನಿಗೆ ಯಾರಿಂದಲೂ ಉದ್ರಿ ವಸೂಲಾಗಲಿಲ್ಲ, ಹಾಗಾಗಿ ಅವನು ಎಲ್ಲರ ಬಾಗಿಲಿಗೂ ಬಂದ. ಎತ್ತು ಮಾರಲು ಹೋದರೆ ಸಂತೆಯಲ್ಲಿ ಎಲ್ಲರೂ ಮಾರುವವರೇ. ನಿಮ್ಮ ಸಂಘದ ಹೆಣ್ಣುಮಕ್ಕಳೂ ಇದೇ ನೀರಿನವರು ಅಲ್ವಾ? ಅಂದಮೇಲೆ ಕಷ್ಟಕ್ಕಾಗುವ ದುಡ್ಡು ಕಾಲುವೆ ಆಚೆಯಿಂದ ಬರಬೇಕು.

ಬಿಮಾ ಕಟ್ಟಿ, ಬೇಡ ಅನ್ನಲ್ಲ. ಆದರೆ ಇಳುವರಿ ಲೆಕ್ಕ ಪಂಚಾಯಿತಿ ಮಟ್ಟದ್ದು. ಮೇಲಿನವರ ಗದ್ದೆ ಚೆನ್ನಾಗಿದ್ದು ನಿಮ್ಮದೊಂದೇ ಒಣಗಿದರೆ ಕೈಗೆ ಏನೂ ಸಿಗದಿರಬಹುದು.

ಕೊಪ್ಪಳದ ಹುಡುಗ:
ಅಕ್ಕಾ, ಲೀಜ್ ಬದಲು ಪಾಲಿಗೆ ಕೇಳಿ ನೋಡಿ, ಅಂದರೆ ಬಂದ ಬೆಳೆಯನ್ನು ಹೊಲದವರ ಜೊತೆ ಹಂಚಿಕೊಳ್ಳುವುದು. ನಾವು ಹಾಗೇ ಮಾಡಿದ್ದು. ಬೆಳೆ ಬಂದರೆ ನಿಮಗೆ ಸಿಗುವುದು ಕಡಿಮೆ, ನಿಜ. ಹೋದರೆ 96 ಚೀಲ ಕೊಡಬೇಕೆಂಬ ಭಾರ ನಿಮ್ಮ ತಲೆ ಮೇಲಿರುವುದಿಲ್ಲ.

ಮಾನ್ವಿ ಕಡೆಯವಳು:
ಅಣ್ಣಾ, ಸಂಘದ ಮಾತು ಎದೆಗೆ ನಾಟಿತು. ನಾವು ಹತ್ತೂ ಜನ ಒಂದೇ ತೂಬಿನವರು. ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ನಾನು ಒಬ್ಬಳೇ ಮುಳುಗುತ್ತೇನೆ ಅಂತಷ್ಟೇ ಯೋಚಿಸಿದ್ದೆ.

ನಿನ್ನೆ ರಾತ್ರಿ ಮನೆಯವರ ಜೊತೆ ಕೂತು ಮಾತಾಡಿದೆ. ಸಂಘದ ಸಾಲ ತೆಗೆಯುವುದಿಲ್ಲ. 3 ಎಕರೆ ಪಾಲಿಗೆ ಕೇಳುತ್ತೇವೆ. ಸ್ವಂತದ್ದರಲ್ಲಿ ಎತ್ತರದ 1 ಎಕರೆಗೆ ಭತ್ತ ಬೇಡ, ಹಿಂಗಾರಿಗೆ ಬಿಳಿಜೋಳ, ನೆಲದಲ್ಲಿ ಉಳಿದ ತೇವಕ್ಕೇ ಬೆಳೆಯುತ್ತದೆ. ಫೀಸಿನ ದುಡ್ಡು ಇವತ್ತೇ ಮಗಳ ಖಾತೆಗೆ ಹಾಕಿದೆ. ಪಕ್ಕದವರು ಪಾಲಿಗೆ ಒಪ್ಪದಿದ್ದರೆ ಈ ವರ್ಷ ನಮ್ಮ 4 ಎಕರೆಯೇ ಸಾಕು.