ಉಡುಪಿ ಸುತ್ತ ಬಸ್ಸಲ್ಲೇ ಹೋಗಿ ಕಡಲು, ಹೊಳೆ ಬದಿ ನಡೆಯಲು ಸುಲಭದ ದಾರಿ ಯಾವುದು?

ಘಟ್ಟದ ಮೇಲಿನವ

ಡಿಸೆಂಬರ್ ಕೊನೆಗೆ ಮೂರು ದಿನ ಉಡುಪಿಯಲ್ಲಿರುತ್ತೇವೆ. ಒಟ್ಟು ನಾಲ್ಕು ಜನ. ಇಬ್ಬರಿಗೆ ಅರವತ್ತು ದಾಟಿದೆ, ಒಬ್ಬರಿಗೆ ಮಂಡಿ ನೋವು. ಕಾರು ಮಾಡುವ ಯೋಚನೆ ಇಲ್ಲ. ಏರಿಳಿತ ಇಲ್ಲದ, ಐದಾರು ಕಿಲೋಮೀಟರ್ ಒಳಗಿನ, ಹೋಗಲೂ ಬರಲೂ ಬಸ್ ಸಿಗುವ ದಾರಿ ಬೇಕು. ಮಲ್ಪೆ ಬೀಚಿನ ಜನಜಂಗುಳಿ ಬೇಡ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಅಂತಾರೆ, ಅಲ್ಲಿ ನಡೆಯಬಹುದಾ?

ಪಡುಗಾಳಿ

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ: ಬಸ್ಸು ಕಡಿಮೆ ಇರುವ ತುದಿಗೆ ಮೊದಲು ಹೋಗಿ, ಬಸ್ಸು ಜಾಸ್ತಿ ಇರುವ ತುದಿಯಲ್ಲಿ ನಡಿಗೆ ಮುಗಿಸಿ. ಹೊರಗಿಂದ ಬರುವವರು ಹೆಚ್ಚಾಗಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಸುಲಭವಾಗಿ ಬಸ್ ಸಿಗುವ ಕಡೆಯಿಂದ ಹೊರಟು, ಕತ್ತಲಾಗುವ ಹೊತ್ತಿಗೆ ಬಸ್ಸೇ ಇಲ್ಲದ ತುದಿಯಲ್ಲಿ ನಿಂತುಬಿಡುತ್ತಾರೆ.

ನಿಮಗೆ ಮಟ್ಟುವಿನಿಂದ ಕಾಪುವಿಗೆ ಹೋಗುವ ದಾರಿ ಸರಿಹೊಂದುತ್ತದೆ. ಉಡುಪಿ ಸರ್ವಿಸ್ ಬಸ್ ನಿಲ್ದಾಣದಲ್ಲಿ ಮಂಗಳೂರು ಕಡೆಯ ಬಸ್ ಹತ್ತಿ ಕಟಪಾಡಿಯಲ್ಲಿ ಇಳಿಯಿರಿ. ಅಲ್ಲಿಂದ ಮಟ್ಟುವಿಗೆ ಪಶ್ಚಿಮಕ್ಕೆ ಮೂರು ನಾಲ್ಕು ಕಿ.ಮೀ. ಬಸ್ಸಿಗೆ ಕಾಯುವ ಬದಲು ನಾಲ್ವರೂ ಸೇರಿ ರಿಕ್ಷಾ ಮಾಡಿಕೊಳ್ಳಿ. ಹೊಳೆಯ ಸೇತುವೆ ದಾಟಿದರೆ ಕಡಲು ಅಲ್ಲೇ. ಮಟ್ಟುವಿನಿಂದ ಬಡಗಿಗೆ ಪಡುಕೆರೆ ತನಕ ಒಂದು ಕಡೆ ಉದ್ಯಾವರ ಹೊಳೆ, ಇನ್ನೊಂದು ಕಡೆ ಸಮುದ್ರ, ನಡುವೆ ಸಣ್ಣ ರಸ್ತೆ. ಮರವಂತೆಯಲ್ಲಿ ನೀವು ನೋಡಬೇಕೆಂದಿರುವ ನೋಟವೇ ಇದು, ಲಾರಿಗಳ ಕಾಟ ಇಲ್ಲದೆ. ಹತ್ತಿಪ್ಪತ್ತು ನಿಮಿಷ ಆ ಕಡೆ ಹೋಗಿ ನೋಡಿ ಬನ್ನಿ. ಆಮೇಲೆ ತೆಂಕಿಗೆ ತಿರುಗಿ ಕೈಪುಂಜಾಲು ದಾರಿಯಾಗಿ ಕಾಪು ದೀಪಸ್ತಂಭದ ಕಡೆ ನಡೆಯಿರಿ, ಐದಾರು ಕಿ.ಮೀ. ಆಗುತ್ತದೆ.

ತೆಂಕಿಗೇ ನಡೆಯಿರಿ ಅನ್ನುವುದಕ್ಕೆ ಎರಡು ಕಾರಣ. ಕಾಪು ಪೇಟೆ ಹೆದ್ದಾರಿಯಲ್ಲಿದೆ, ಉಡುಪಿ–ಮಂಗಳೂರು ಬಸ್ಸುಗಳು ಒಂದರ ಹಿಂದೊಂದು ಸಿಗುತ್ತವೆ. ಇನ್ನೊಂದು, ಹನ್ನೊಂದು ಗಂಟೆ ಮೇಲೆ ಕಡಲ ಗಾಳಿ ವಾಯವ್ಯದಿಂದ ಬೀಸತೊಡಗುತ್ತದೆ. ತೆಂಕಿಗೆ ಹೋದರೆ ಗಾಳಿ ಬೆನ್ನಿಗೆ, ಬಡಗಿಗೆ ಹೋದರೆ ಮರಳು ಕಣ್ಣಿಗೆ.

ಕಾಪು ದೀಪಸ್ತಂಭ 1901ರದ್ದು, ಬಂಡೆಯ ಮೇಲಿದೆ. ಒಳಗೆ ಹತ್ತಲು ಬಿಡುವುದು ಸಂಜೆ ಹೊತ್ತು. ಮೆಟ್ಟಿಲು ಕಡಿದು, ಮಂಡಿ ನೋವಿನವರು ಕೆಳಗೇ ಇರುವುದು ಒಳ್ಳೆಯದು. ಬೀಚಿನಿಂದ ಹೆದ್ದಾರಿಗೆ ಮತ್ತೆ ಒಂದು–ಒಂದೂವರೆ ಕಿ.ಮೀ. ಇದೆ, ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕೊನೆಗೆ ಸುಸ್ತಾಗುತ್ತದೆ. ದಾರಿಯಲ್ಲಿ ಅಂಗಡಿ ಕಡಿಮೆ, ಒಬ್ಬೊಬ್ಬರಿಗೆ ಒಂದು ಲೀಟರ್ ನೀರು ಕಟಪಾಡಿಯಲ್ಲೇ ತೆಗೆದುಕೊಳ್ಳಿ. ಡಿಸೆಂಬರಿನಲ್ಲಿ ಮಟ್ಟುಗುಳ್ಳದ ಗದ್ದೆಗಳೂ ಕಾಣಸಿಗುತ್ತವೆ. ಭೌಗೋಳಿಕ ಸೂಚಕ ಸಿಕ್ಕಿರುವ ಬದನೆ ಅದು, ಸಾಂಬಾರಿಗೆ ಅದರ ಹಾಗೆ ಇನ್ನೊಂದಿಲ್ಲ.

ಹೊಳೆಬದಿ

ಎರಡನೇ ದಿನಕ್ಕೆ ಕೋಡಿ ಬೆಂಗ್ರೆ ಇಟ್ಟುಕೊಳ್ಳಿ. ಇಲ್ಲೂ ಮೇಲೆ ಹೇಳಿದ ಲೆಕ್ಕವೇ. ಉಡುಪಿಯಿಂದ ಕೆಮ್ಮಣ್ಣು, ಹೂಡೆ ಮಾರ್ಗವಾಗಿ ಬಸ್ ಉಂಟು. ಹೂಡೆಯಲ್ಲೇ ತಿರುಗುವ ಬಸ್ಸುಗಳೂ ಇರುವುದರಿಂದ ಬೋರ್ಡು ನೋಡಿ ಸಾಲದು, ‘ಬೆಂಗ್ರೆಗೆ ಹೋಗ್ತದಾ’ ಅಂತ ಕಂಡಕ್ಟರರನ್ನು ಕೇಳಿಯೇ ಹತ್ತಿ. ಇಳಿಯುವಾಗ ವಾಪಸ್ ಬಸ್ಸುಗಳ ಹೊತ್ತನ್ನೂ ಅವರಲ್ಲೇ ಕೇಳಿಟ್ಟುಕೊಳ್ಳಿ. ಆ ಮಾಹಿತಿ ಮೊಬೈಲಿನ ನಕ್ಷೆಗಿಂತ ನಂಬಿಕೆಯದು.

ತುದಿಯಲ್ಲಿ ಸೀತಾ, ಸ್ವರ್ಣಾ ಎರಡೂ ಸಮುದ್ರ ಸೇರುತ್ತವೆ. ಅಳಿವೆಯ ಹತ್ತಿರ ನೀರಿಗೆ ಇಳಿಯಲೇಬೇಡಿ. ಮೇಲ್ನೋಟಕ್ಕೆ ಹೊಳೆ ಸುಮ್ಮನೆ ಇದ್ದಂತೆ ಕಾಣುತ್ತದೆ, ಆದರೆ ಇಳಿತದ ಹೊತ್ತಿಗೆ ಹೊಳೆ ನೀರೂ ಉಬ್ಬರಕ್ಕೆ ಒಳಹೊಕ್ಕ ನೀರೂ ಒಟ್ಟಿಗೆ ಹೊರಗೆ ಎಳೆಯುತ್ತವೆ. ಕಾಲಡಿಯ ಮರಳೂ ಜಾರುತ್ತದೆ. ಎದುರಿಗೇ ಹಂಗಾರಕಟ್ಟೆ ಕಾಣುತ್ತದೆಂದು ದಾಟಿ ಹೋಗುವ ಲೆಕ್ಕ ಹಾಕಬೇಡಿ, ಬಂದ ದಾರಿಯಲ್ಲೇ ವಾಪಸಾಗಿ.

ತುದಿಯಿಂದ ಹೂಡೆಗೆ ನಾಲ್ಕೈದು ಕಿ.ಮೀ., ರಸ್ತೆ ಪೂರ್ತಿ ಸಮತಟ್ಟು. ಬೆಳಿಗ್ಗೆ ಎಂಟೂವರೆ ತನಕ ತೆಂಗಿನ ನೆರಳು ಪಡುವಣಕ್ಕೆ ಬೀಳುತ್ತದೆ, ಆಗ ಕಡಲ ಬದಿ ನಡೆಯಿರಿ. ಬಿಸಿಲೇರಿದ ಮೇಲೆ ಹೊಳೆ ಬದಿ. ಸುಸ್ತಾದರೆ ರಸ್ತೆಗೆ ಬಂದು ಬಸ್ಸಿಗೆ ಕೈ ಅಡ್ಡ ಹಿಡಿದರಾಯಿತು, ಈ ದಾರಿಯ ದೊಡ್ಡ ಅನುಕೂಲ ಅದೇ. ಕಾಲಲ್ಲಿ ಬಲ ಉಳಿದವರು ಬರುವಾಗ ಕೆಮ್ಮಣ್ಣಿನಲ್ಲಿ ಇಳಿದು ತಿಮ್ಮಣ್ಣ ಕುದ್ರುವಿನ (ಹೊಳೆ ನಡುವಿನ ದ್ವೀಪ) ತೂಗುಸೇತುವೆ ನೋಡಬಹುದು.

ಘಟ್ಟದ ಮೇಲಿನವ

ಇಬ್ಬರಿಗೂ ಧನ್ಯವಾದ. ಉಬ್ಬರ ಇಳಿತ ನಮಗೆ ಗೊತ್ತಾಗುವುದು ಹೇಗೆ? ಮಂಡಿ ನೋವಿನವರು ಮರಳಲ್ಲಿ ನಡೆಯಬಹುದಾ?

ಪಡುಗಾಳಿ

ಮನೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ಸುಮಾರು ಹನ್ನೊಂದು ಗಂಟೆ ಆಸುಪಾಸು, ಇಳಿತ ಬೆಳಗಿನ ಐದರ ಸುಮಾರಿಗೆ ಮತ್ತು ಸಂಜೆ ಅದೇ ಹೊತ್ತಿಗೆ. ಆಮೇಲೆ ದಿನಕ್ಕೆ ಮುಕ್ಕಾಲು ಗಂಟೆಗೂ ತುಸು ಹೆಚ್ಚು ಮುಂದಕ್ಕೆ ಹೋಗುತ್ತದೆ. ಅಷ್ಟಮಿ ಹೊತ್ತಿಗೆ ಪೂರ್ತಿ ಅದಲು ಬದಲು. ಹಾಗಾಗಿ ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಇದ್ದರೆ ಆರೂವರೆಗೆ ಹೊರಟು ಎಂಟೂವರೆಗೆ ಮುಗಿಸಿ, ಅಷ್ಟಮಿ ಸಮಯವಾದರೆ ಎಂಟಕ್ಕೆ ಹೊರಟರೂ ನಡೆಯುತ್ತದೆ.

ಜಾಗಕ್ಕೆ ಹೋದ ಮೇಲೆ ಮರಳು ನೋಡಿ. ಒಣ ಕಸ, ಚಿಪ್ಪು, ತೆಂಗಿನ ಗರಿ ಸಾಲಾಗಿ ಬಿದ್ದಿರುತ್ತದಲ್ಲ, ಹಿಂದಿನ ಉಬ್ಬರದ ನೀರು ಬಂದು ನಿಂತದ್ದು ಅಲ್ಲಿಗೆ. ಆ ಗೆರೆಗೂ ಅಲೆಗೂ ನಡುವೆ ಹತ್ತು ಹೆಜ್ಜೆ ಅಗಲ ಇಲ್ಲದಿದ್ದರೆ ರಸ್ತೆಗೆ ಹತ್ತಿಬಿಡಿ. ಕಡಲ್ಕೊರೆತಕ್ಕೆ ಕಲ್ಲಿನ ತಡೆಗೋಡೆ ಹಾಕಿರುವ ಕಡೆ ಉಬ್ಬರಕ್ಕೆ ಮರಳೇ ಉಳಿಯುವುದಿಲ್ಲ. ಆ ಕಲ್ಲುಗಳ ಮೇಲೆ ನಡೆದು ದಾಟಲು ಹೋಗಬಾರದು: ಸಂದುಗಳು ಕಾಲು ಸಿಕ್ಕುವಷ್ಟು ದೊಡ್ಡವು, ಕೆಳಗಿನ ಕಲ್ಲಿಗೆ ಪಾಚಿ ಹಿಡಿದಿರುತ್ತದೆ.

ಮಂಡಿಗೆ ತೊಂದರೆ ಕೊಡುವುದು ದೂರ ಅಲ್ಲ, ಓರೆ. ಮರಳು ಕಡಲ ಕಡೆ ಇಳಿಜಾರು, ತೆಂಕಿಗೆ ಹೋಗುವಾಗ ಬಲಗಾಲು ಸದಾ ತಗ್ಗಿನಲ್ಲೇ ಇರುತ್ತದೆ. ಹದಿನೈದು ನಿಮಿಷ ಮರಳು, ಹದಿನೈದು ನಿಮಿಷ ರಸ್ತೆ ಹೀಗೆ ಬದಲಿಸುತ್ತಿರಿ. ಹಿಮ್ಮಡಿ ಊರಿದಾಗ ಗುರುತು ಮಾತ್ರ ಮೂಡುವ ಒದ್ದೆ ಮರಳು ಗಟ್ಟಿ, ಪಾದವೇ ಹೂತರೆ ಅದನ್ನು ಬಿಡಿ. ಹಿಂದೆ ಪಟ್ಟಿ ಇರುವ ಚಪ್ಪಲಿ ಸಾಕು. ಬೂಟಿನೊಳಗೆ ಮರಳು ಸೇರಿ ಒದ್ದೆಯಾದರೆ ಬೊಬ್ಬೆ ಏಳುತ್ತದೆ.

ಮೀನುಗಾರರು ಕೈರಂಪಣಿ ಬಲೆ (ದಡದಲ್ಲೇ ನಿಂತು ಕೈಯಲ್ಲಿ ಎಳೆಯುವ ದೊಡ್ಡ ಬಲೆ) ಎಳೆಯುತ್ತಿದ್ದರೆ ಹಗ್ಗ ದಾಟಬೇಡಿ. ಸಡಿಲವಾಗಿ ಮರಳ ಮೇಲೆ ಬಿದ್ದಿರುವ ಹಗ್ಗ ಮುಂದಿನ ಎಳೆತಕ್ಕೆ ಮೊಣಕಾಲೆತ್ತರಕ್ಕೆ ಬಿಗಿಯುತ್ತದೆ. ಎಳೆಯುವವರ ಬೆನ್ನ ಹಿಂದಿನಿಂದ ಸುತ್ತಿ ಹೋಗಿ.

ತೆಂಕಬಡಗು

ಮರವಂತೆಯ ಬಗ್ಗೆ ಯಾರೂ ನೇರ ಹೇಳಲಿಲ್ಲ. ಹೊಳೆ, ಕಡಲು ಎರಡೂ ಕಾಣುವುದು ನಿಜ, ಸೌಪರ್ಣಿಕಾ ಹೆದ್ದಾರಿಗೆ ತಾಗಿಕೊಂಡೇ ಹರಿಯುತ್ತದೆ. ಆದರೆ ನಡುವೆ ಇರುವುದು ರಾಷ್ಟ್ರೀಯ ಹೆದ್ದಾರಿ 66. ವಯಸ್ಸಾದವರ ಜೊತೆ ಅದರ ಅಂಚಿನಲ್ಲಿ ನಡೆಯುವುದು ತರವಲ್ಲ. ಕುಂದಾಪುರ–ಬೈಂದೂರು ಬಸ್ಸಿನ ಕಿಟಕಿಯಿಂದ ನೋಡಿದರೆ ಸಾಕು. ಮೂರನೇ ದಿನ ಆ ಕಡೆ ಹೋಗುವಿರಾದರೆ ಕುಂದಾಪುರದ ಕೋಡಿಗೆ ಹೋಗಿ. ಅಲ್ಲಿ ಅಳಿವೆಯ ಕಲ್ಲಿನ ದಂಡೆಯ ಮೇಲೆ ನಡೆಯಲು ದಾರಿ ಮಾಡಿದ್ದಾರೆ, ಎದುರಿಗೆ ಗಂಗೊಳ್ಳಿ.

ಬಸ್ಸಿನ ವಿಷಯ. ನಮ್ಮಲ್ಲಿ ಹೆಚ್ಚಿನವು ಖಾಸಗಿ ಬಸ್ಸುಗಳು, ಶಕ್ತಿ ಯೋಜನೆಯ ಉಚಿತ ಪ್ರಯಾಣ ಅವುಗಳಲ್ಲಿ ಇಲ್ಲ. ನರ್ಮ್ ಅಂತ ಕರೆಯುವ ಸರ್ಕಾರಿ ನಗರ ಸಾರಿಗೆ ಬಸ್ ಸಿಕ್ಕಿದರೆ ಹೆಂಗಸರು ಆಧಾರ್ ತೋರಿಸಬಹುದು. ಸಣ್ಣ ನಿಲ್ದಾಣಗಳಲ್ಲಿ ಇಳಿಯುವುದಾದರೆ ಎಕ್ಸ್‌ಪ್ರೆಸ್ ಹತ್ತಬೇಡಿ, ಸರ್ವಿಸ್ ಬಸ್ಸೇ ಆಗಬೇಕು. ಹತ್ತು, ಇಪ್ಪತ್ತರ ನೋಟು ಕೈಯಲ್ಲಿರಲಿ.

ಇದನ್ನು ಓದಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬರುವವರಿದ್ದರೆ ಕಡಲ ಬದಿ ಬಿಟ್ಟು ಹೊಳೆ ಬದಿಯ ರಸ್ತೆಯಲ್ಲಷ್ಟೇ ನಡೆಯಿರಿ. ಆಗ ಸಣ್ಣ ತೋಡುಗಳೂ (ಹಳ್ಳಗಳೂ) ಮರಳು ಕೊರೆದು ಸಮುದ್ರಕ್ಕೆ ಬಾಯಿ ತೆರೆದಿರುತ್ತವೆ, ಬೆಳಿಗ್ಗೆ ದಾಟಿದ ಜಾಗ ಮಧ್ಯಾಹ್ನಕ್ಕೆ ದಾಟಲಾಗುವುದಿಲ್ಲ.