ಅಪ್‌ಡೇಟ್: ತೆಳು ಪದರದ ಒರಟುತನ ಯಾಕೆ ನಿಲ್ಲುತ್ತಿರಲಿಲ್ಲ ಅಂತ ಗೊತ್ತಾಯಿತು

ನನ್ನ ಪ್ರಶ್ನೆ ಇದಾಗಿತ್ತು: ಪರಮಾಣುಗಳನ್ನು ಬೀಳಿಸಿ ತೆಳು ಪದರ ಬೆಳೆಸುವ ನನ್ನ ಸಿಮ್ಯುಲೇಶನ್‌ನಲ್ಲಿ ಪರಮಾಣುಗಳು ಮೇಲ್ಮೈ ಮೇಲೆ ಚೆನ್ನಾಗಿ ಓಡಾಡುತ್ತವೆ, ಆದರೂ ಒರಟುತನ (ಮೇಲ್ಮೈಯ ಏರುಪೇರು) ಸಮಯದ ವರ್ಗಮೂಲದಂತೆ ಏರುತ್ತಲೇ ಇದೆ. ಪರಮಾಣುಗಳು ಬಿದ್ದಲ್ಲೇ ಅಂಟಿಕೊಂಡರೆ ಸಿಗುವ ಉತ್ತರ ಅದು, ಅಲ್ವಾ? ಹಾಗಾದರೆ ಓಡಾಟದಿಂದ ಏನು ಬಂತು?

ಆ ಪ್ರಶ್ನೆಗೆ ಉತ್ತರವಾಗಿ ನೀವು ಹೇಳಿದಂತೆ ಮೆಟ್ಟಿಲಿನ ಅಂಚನ್ನು, ಅಂದರೆ ಒಂದು ಪದರ ಮುಗಿದು ಕೆಳಗಿನ ಪದರ ಕಾಣುವ ಜಾಗವನ್ನು, ನೋಡಿದೆ. ಗುಟ್ಟು ಅಲ್ಲೇ ಇತ್ತು. ಅಂಚಿನಿಂದ ಕೆಳಗಿಳಿಯುವ ಪರಮಾಣುವಿಗೆ ಆ ಕ್ಷಣದಲ್ಲಿ ಹಿಡಿದುಕೊಳ್ಳಲು ನೆರೆಯವರು ಕಡಿಮೆ. ಹಾಗಾಗಿ ಹೆಚ್ಚುವರಿ ಶಕ್ತಿ ಬೇಕು. 1966ರಲ್ಲಿ ಗುರುತಿಸಲಾದ ಇದು ಈಗ ಎರ್ಲಿಕ್-ಶ್ವೋಬೆಲ್ ತಡೆ ಅಂತಲೇ ಪರಿಚಿತ. ನನ್ನ ಮಾದರಿಯಲ್ಲಿ ಈ ತಡೆ ತುಂಬಾ ಜಾಸ್ತಿ ಇತ್ತು. ಪರಮಾಣುಗಳು ತಮ್ಮ ಪದರದೊಳಗೆ ಎಷ್ಟೇ ಸುತ್ತಾಡಿದರೂ ಕೆಳಗಿನ ಪದರಕ್ಕೆ ಇಳಿಯುತ್ತಿರಲಿಲ್ಲ. ಅದಕ್ಕೇ ದಿಬ್ಬದ ಮೇಲೆ ದಿಬ್ಬ.

ಲೆಕ್ಕ ಹಾಕಿದಾಗಂತೂ ಖುಷಿಯಾಯಿತು. ತಡೆ ಬರೀ 0.1 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಅಂದುಕೊಳ್ಳಿ. 300 ಕೆಲ್ವಿನ್‌ನಲ್ಲಿ ಕೆಳಗೆ ಜಿಗಿಯುವ ವೇಗ ಸುಮಾರು 48 ಪಟ್ಟು ಕುಗ್ಗುತ್ತದೆ. 600 ಕೆಲ್ವಿನ್‌ನಲ್ಲಿ ಸುಮಾರು 7 ಪಟ್ಟು ಅಷ್ಟೇ. ತಡೆ ಮತ್ತು ತಾಪಮಾನದ ಅನುಪಾತ ಘಾತದಲ್ಲಿ ಕೂರುವ ಸೂತ್ರದ ಶಕ್ತಿ ಇದು.

ತಡೆ ಇಳಿಸಿದ ಮೇಲೆ ಒರಟುತನ ಪದರ ತುಂಬಿದಂತೆಲ್ಲ ಏರಿಳಿಯತೊಡಗಿತು. ಪದರದ ಮೇಲೆ ಪದರ ಬೆಳೆಯುವ ಲಕ್ಷಣ ಅದೇ.

ಕೆಲವರು ಬೆಳೆಯುವ ಮೇಲ್ಮೈಯ ಒರಟುತನ ವಿವರಿಸುವ 1986ರ ಕಾರ್ಡಾರ್-ಪರೀಸಿ-ಜಾಂಗ್ ಸಮೀಕರಣ ಸೂಚಿಸಿದ್ದಿರಿ. ಸುಂದರ ಸಮೀಕರಣ, ಆದರೆ ಖಾಲಿ ಜಾಗ ಉಳಿಯದೆ, ಪರಮಾಣು ಆವಿಯಾಗದೆ ಬೆಳೆಯುವ ಹರಳಿಗೆ ಅದು ಸರಿಹೊಂದುವುದಿಲ್ಲ ಅನ್ನಿಸಿತು. ಇಲ್ಲಿ ಮೇಲ್ಮೈಯ ಓಡಾಟ ವಸ್ತುವಿನ ಮೊತ್ತವನ್ನು ಬದಲಿಸುವುದಿಲ್ಲ, ಆ ಸಮೀಕರಣದಲ್ಲಿ ಮೊತ್ತ ಹಾಗೇ ಉಳಿಯಬೇಕೆಂದಿಲ್ಲ. ಇನ್ನು ಇಳಿಜಾರು ತಲಾಧಾರದ (ಪದರ ಬೆಳೆಯುವ ಅಡಿಮೇಲ್ಮೈ) ಮೇಲೆ ಇದನ್ನೇ ಓಡಿಸಿ ನೋಡುತ್ತೇನೆ.